ಮಾತ್ರೆ ನಿಲ್ಲಿಸು ಅಂದ್ರಾ? ಮೊದಲು ಅದನ್ನ ಕೇಳಿ

ಭಾಗ 1/8

ಫೋಟೊದಲ್ಲಿರೋದು ನಮ್ಮ ಬಿ.ಜಿ. ಕೆರೆ ಬಸ್ ಸ್ಟಾಪ್. ಬೆಳಿಗ್ಗೆ ಹೊತ್ತು ಬಳ್ಳಾರಿ ಕಡೆಗೋ ಚಳ್ಳಕೆರೆ ಕಡೆಗೋ ಬಸ್ಸು ಕಾಯೋರ ಕೈ ನೋಡಿ. ಯಾರಾದ್ರೂ ಒಬ್ಬರ ಕೈಲಿ ಆಸ್ಪತ್ರೆ ಚೀಟಿ, ಎಕ್ಸ್‌ರೇ ಕವರು ಇದ್ದೇ ಇರುತ್ತೆ. ಅದೇ ಕೈಗೆ ಕಟ್ಟಿಸಿಕೊಂಡ ದಾರಾನೂ ಇರುತ್ತೆ. ಇನ್ನೊಬ್ಬರ ಚೀಲದಲ್ಲಿ ಪ್ರಾರ್ಥನೆ ಮಾಡಿಕೊಟ್ಟ ಎಣ್ಣೆ ಬಾಟ್ಲಿ. ರೋಗ ಬಂದವರು ಒಂದೇ ಬಾಗಿಲು ತಟ್ಟಿ ಸುಮ್ಮನಾಗಲ್ಲ. ಅದು ತಪ್ಪು ಅಂತ ನಾನು ಹೇಳ್ತಿಲ್ಲ.

ಹೇಳಬೇಕಾಗಿರೋದು ಬೇರೆ. ನಮ್ಮ ಕ್ಲಾಸ್ ಗ್ರೂಪಲ್ಲಿ ನಡೆದ ಜಗಳ ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಯಾರೋ ಒಂದು ಹಳೇ ವೀಡಿಯೊ ಹಾಕಿದ್ರು. ಬಿಳಿ ಕೋಟಿನ ಒಬ್ಬ ಮನುಷ್ಯ ವೇದಿಕೆ ಮೇಲೆ ಕೈ ಬೀಸ್ತಾನೆ, ಎದುರಿಗಿದ್ದ ಸಾಲು ಸಾಲು ಜನ ಹಿಂದಕ್ಕೆ ಬೀಳ್ತಾರೆ. ಅವನೇ ಬೆನ್ನಿ ಹಿನ್. ವೀಡಿಯೊ ಕೆಳಗೆ ಮೊದಲು ನಗೋ ಎಮೋಜಿ ಬಂದ್ವು. ಆಮೇಲೆ 'ಇವರನ್ನ ಊರೊಳಗೆ ಬಿಟ್ಕೊಂಡಿದ್ದೇ ತಪ್ಪು' ಅಂತ ಒಂದು ಮೆಸೇಜು. ಆಮೇಲೆ ಅದಕ್ಕಿಂತ ಕೆಟ್ಟವು. ಹತ್ತು ನಿಮಿಷದಲ್ಲಿ ನಮ್ಮ ಒಬ್ಬ ಗೆಳತಿ ಗ್ರೂಪ್ ಬಿಟ್ಟು ಹೋದಳು. ಅವಳ ಮನೆಯವರು ಪ್ರಾರ್ಥನೆಗೆ ಹೋಗ್ತಾರೆ ಅನ್ನೋದು ನಮಗೆಲ್ಲಾ ಗೊತ್ತಿತ್ತು.

ನಾನೂ ನಗೋ ಎಮೋಜಿ ಹಾಕಿದ್ದೆ. ಅದಕ್ಕೇ ಈ ಎಂಟು ಭಾಗ ಬರೀತಿದೀನಿ. ಉದ್ದ ಐತೆ ಅಂತ ಮುಂದಕ್ಕೆ ತಳ್ಳಬೇಡಿ, ಒಂದ್ಸಲ ಪೂರ್ತಿ ಓದಿ.

ಭಾಗ 2/8

ಮೊದಲು ಬೆನ್ನಿ ಹಿನ್ ಯಾರು ಅಂತ ತಿಳ್ಕೊಳ್ಳೋಣ. ಹುಟ್ಟಿದ್ದು 1952ರಲ್ಲಿ, ಇಸ್ರೇಲಿನ ಜಾಫಾದಲ್ಲಿ. ಬೆಳೆದದ್ದು ಕೆನಡಾದಲ್ಲಿ, ಹೆಸರು ಮಾಡಿದ್ದು ಅಮೆರಿಕದ ಟಿವಿಯಲ್ಲಿ. ದೊಡ್ಡ ದೊಡ್ಡ ಮೈದಾನದಲ್ಲಿ ಸಭೆ ಮಾಡಿ, ಪ್ರಾರ್ಥನೆಯಿಂದ ರೋಗ ವಾಸಿ ಆಗುತ್ತೆ ಅಂತ ಸಾರೋದು ಅವರ ಕೆಲಸ.

2005ರ ಜನವರಿಯಲ್ಲಿ ಅವರು ಬೆಂಗಳೂರಿಗೆ ಬಂದ್ರು. ಜಕ್ಕೂರು ವಿಮಾನ ನಿಲ್ದಾಣದ ಬಯಲಲ್ಲಿ ಮೂರು ದಿನ ಸಭೆ. ಆಗ ಧರ್ಮಸಿಂಗ್ ಮುಖ್ಯಮಂತ್ರಿ. ಸಭೆಗೆ ಮುಂಚೇನೇ ಗಲಾಟೆ ಶುರು. ಬಿಜೆಪಿ, ವಿಶ್ವ ಹಿಂದೂ ಪರಿಷತ್ತು, ಬಜರಂಗದಳದವರು ಬೀದಿಗಿಳಿದ್ರು. ಇದು ಮತಾಂತರದ ಸಭೆ, ಅನುಮತಿ ಕೊಡಬಾರದಿತ್ತು ಅನ್ನೋದು ಅವರ ವಾದ. ಪ್ರಾರ್ಥನೆ ಮಾಡೋದು ನಮ್ಮ ಹಕ್ಕು ಅನ್ನೋದು ಸಂಘಟಕರ ವಾದ. ಪೊಲೀಸ್ ಬಂದೋಬಸ್ತಿನಲ್ಲಿ ಸಭೆ ನಡೀತು, ಅಪಾರ ಜನ ಸೇರಿದ್ರು. ಆಮೇಲೆ ಅವರು ವಿಮಾನ ಹತ್ತಿ ಹೋದ್ರು. ನಮ್ಮಲ್ಲಿ ತುಂಬಾ ಜನ ಆಗಿನ್ನೂ ಹುಟ್ಟಿರಲಿಲ್ಲ, ಹುಟ್ಟಿದ್ರೂ ತೊಟ್ಟಿಲಲ್ಲಿದ್ವಿ.

ಆ ಜಗಳವನ್ನ ಇವತ್ತು ತಿರುಗಿ ನೋಡಿದ್ರೆ ಒಂದು ವಿಷಯ ಕಾಣುತ್ತೆ. ಎರಡು ಕಡೆಯವರೂ ಧರ್ಮದ ಬಗ್ಗೆ ಕೂಗಾಡಿದ್ರು. ಜಕ್ಕೂರಿಗೆ ಬಂದಿದ್ದ ರೋಗಿಯ ಬಗ್ಗೆ ಮಾತಾಡಿದವರು ಕಮ್ಮಿ. ಕಣ್ಣು ಕಾಣದ ಮಗುವನ್ನ ಸೊಂಟದ ಮೇಲೆ ಕೂರಿಸ್ಕೊಂಡು ಬಂದ ತಾಯಿ ಮನೆಗೆ ವಾಪಸ್ ಹೋದಾಗ ಮಗೂಗೆ ಕಣ್ಣು ಕಂಡಿತ್ತಾ? ಕಿಡ್ನಿ ಕೈಕೊಟ್ಟವನು ಮಾರನೇ ದಿನ ಡಯಾಲಿಸಿಸ್‌ಗೆ ಹೋದ್ನಾ, ಇಲ್ಲಾ ವಾಸಿ ಆಯ್ತು ಅಂತ ಮನೇಲೇ ಉಳಿದ್ನಾ?

'ಮತಾಂತರ ಆಯ್ತಾ' ಅಂತ ಎಲ್ಲರೂ ಕೇಳಿದ್ರು. 'ವಾಸಿ ಆಯ್ತಾ' ಅಂತ ಯಾಕೆ ಅಷ್ಟೇ ಜೋರಾಗಿ ಕೇಳಲಿಲ್ಲ? ನನ್ನ ಇಡೀ ತಕರಾರು ಇದೇ.

ಭಾಗ 3/8

ವಾಸಿ ಆಯ್ತಾ ಅಂತ ಹಿಂದೆ ಬಿದ್ದು ಕೇಳಿದವರು ಅಮೆರಿಕದಲ್ಲೇ ಇದ್ರು. 2001ರಲ್ಲಿ ಎಚ್‌ಬಿಒ ಚಾನೆಲ್ ಒಂದು ಸಾಕ್ಷ್ಯಚಿತ್ರ ತೋರಿಸಿತು. ಹಿನ್ ಅವರ ಒಂದು ಸಭೆಯಲ್ಲಿ ವಾಸಿ ಆಯ್ತು ಅಂತ ಹೇಳಲಾದ ಏಳು ಜನರನ್ನ ತಂಡದವರು ಸುಮಾರು ಒಂದು ವರ್ಷ ಬೆನ್ನತ್ತಿದ್ರು. ಒಬ್ಬರದೂ ನಿಜವಾಗಿ ವಾಸಿಯಾದ ಉದಾಹರಣೆ ಸಿಗಲಿಲ್ಲ ಅಂತ ನಿರ್ದೇಶಕರು ಹೇಳಿದ್ರು.

ಇನ್ನೊಂದು ಅದಕ್ಕಿಂತ ಹಳೇದು. 1986. ಪೀಟರ್ ಪೊಪೊಫ್ ಅನ್ನೋ ಪ್ರಚಾರಕ ಸಭೇಲಿ ಯಾರನ್ನೋ ಹೆಸರು ಹಿಡಿದು ಕರೆದು, ನಿನ್ನ ಕಾಯಿಲೆ ಇದು, ನಿನ್ನ ಮನೆ ವಿಳಾಸ ಇದು ಅಂತ ಹೇಳ್ತಿದ್ದ. ಜನ ಬೆರಗಾಗ್ತಿದ್ರು. ಜೇಮ್ಸ್ ರ‍್ಯಾಂಡಿ ಅನ್ನೋ ಜಾದೂಗಾರ ರೇಡಿಯೊ ಸ್ಕ್ಯಾನರ್ ಇಟ್ಟು ಕದ್ದು ಕೇಳಿಸಿದ. ಸಭೆಗೆ ಮುಂಚೆ ಜನರಿಂದ ಪ್ರಾರ್ಥನೆ ಚೀಟಿ ಬರೆಸಿಕೊಳ್ತಿದ್ರು, ಅದರಲ್ಲಿದ್ದಿದ್ದನ್ನ ಪೊಪೊಫ್‌ನ ಹೆಂಡತಿ ವೇದಿಕೆ ಹಿಂದೆ ಕೂತು ಅವನ ಕಿವಿಯಲ್ಲಿದ್ದ ಪುಟ್ಟ ಯಂತ್ರಕ್ಕೆ ಓದಿ ಹೇಳ್ತಿದ್ದಳು. ಆ ರೆಕಾರ್ಡಿಂಗ್ ಟಿವಿಯಲ್ಲಿ ಬಂತು. ಮುಂದಿನ ವರ್ಷ ಅವನು ದಿವಾಳಿ ಅರ್ಜಿ ಹಾಕಿದ. ಕೆಲವು ವರ್ಷ ಬಿಟ್ಟು 'ಪವಾಡದ ನೀರು' ಕೊಡ್ತೀನಿ ಅಂತ ಮತ್ತೆ ಟಿವಿಗೆ ಬಂದ. ಜನರೂ ಮತ್ತೆ ಬಂದ್ರು.

ಹಂಗಂತ ಎಲ್ಲಾ ಕಡೆ ಇಷ್ಟು ದೊಡ್ಡ ಮೋಸ ನಡೀಬೇಕಂತೇನಿಲ್ಲ. ಹಾಡು, ಜನಜಂಗುಳಿ, ಕಣ್ಣೀರು ಸೇರಿದಾಗ ಸ್ವಲ್ಪ ಹೊತ್ತು ನೋವು ನಿಜವಾಗ್ಲೂ ಕಮ್ಮಿ ಆಗುತ್ತೆ. ಮಂಡಿ ನೋವಿನ ಅಜ್ಜಿ ನಾಲ್ಕು ಹೆಜ್ಜೆ ನಡೀತಾಳೆ. ಅದು ನಾಟಕ ಅಲ್ಲ. ಆದ್ರೆ ರಾತ್ರಿ ಮನೇಲಿ ಮಂಡಿ ಮತ್ತೆ ಹಿಡ್ಕೊಂಡಾಗ ಅಲ್ಲಿ ಕ್ಯಾಮೆರಾ ಇರಲ್ಲ. ಜೊತೆಗೆ ಎಷ್ಟೋ ಕಾಯಿಲೆ ತಾನಾಗೇ ಏರುತ್ತೆ, ಇಳಿಯುತ್ತೆ. ಇಳಿದ ದಿನ ಯಾರ ಕೈ ತಲೆ ಮೇಲಿತ್ತೋ ಅವರಿಗೆ ಹೆಸರು. ವಾಸಿ ಆಯ್ತು ಅಂದವರನ್ನ ವೇದಿಕೆಗೆ ಕರೀತಾರೆ. ಆಗಲಿಲ್ಲ ಅನ್ನೋನು ಮಾತ್ರ ಹಿಂದಿನ ಸಾಲಲ್ಲೇ ಕೂತಿರ್ತಾನೆ. ಎಲ್ಲಕ್ಕಿಂತ ಕೆಟ್ಟದ್ದು ಏನಂದ್ರೆ, 'ನಿನಗೆ ವಿಶ್ವಾಸ ಕಮ್ಮಿ' ಅಂತ ಅವನ ತಲೆಗೇ ಕಟ್ಟಿ ಕಳಿಸ್ತಾರೆ.

ಬೆನ್ನಿ ಹಿನ್ ಅವರ ಸ್ವಂತ ಅಣ್ಣತಮ್ಮಂದಿರ ಪೈಕಿ ಒಬ್ಬರ ಮಗ ಕೋಸ್ಟಿ ಹಿನ್. ಸಭೆಗಳಲ್ಲಿ ಬೀಳೋರನ್ನ ಹಿಂದೆ ನಿಂತು ಹಿಡಿಯೋ ಕೆಲಸ ಮಾಡ್ತಿದ್ದವನು. ಅವನೇ 2019ರಲ್ಲಿ ಆ ವೈಭವದ ಬದುಕನ್ನ ಬಯಲಿಗಿಟ್ಟು ಪುಸ್ತಕ ಬರೆದ. ಇವತ್ತಿಗೂ ಅವನು ಕ್ರೈಸ್ತ ಪಾದ್ರಿಯೇ. ನಂಬಿಕೆ ಬಿಡದೇನೂ ಪ್ರಶ್ನೆ ಕೇಳಬಹುದು.

ಭಾಗ 4/8

ಈಗ ನಮ್ಮನೆ ವಿಷಯ. ಇದನ್ನ ಬರೆಯೋಕೆ ಅಮ್ಮನ ಒಪ್ಪಿಗೆ ತಗೊಂಡಿದೀನಿ.

ಗ್ರೂಪ್ ಬಿಟ್ಟ ಗೆಳತಿ ಹತ್ರ ಸಾರಿ ಕೇಳೋಕೆ ಹೋಗಿದ್ದೆ. ಅವಳು ಬೈಯಲಿಲ್ಲ. ಒಂದೇ ಮಾತು ಕೇಳಿದಳು: 'ನಮ್ಮಪ್ಪ ಪ್ರಾರ್ಥನೆ ಮಾಡಿ ಆಮೇಲೆ ಬಿಪಿ ಮಾತ್ರೆ ನುಂಗ್ತಾನೆ ಕಣೋ. ಒಂದಿನಾನೂ ತಪ್ಪಿಸಿಲ್ಲ. ನಿಮ್ಮ ದೊಡ್ಡಮ್ಮಂಗೆ ಮಾತ್ರೆ ಬಿಡಿಸಿದ್ನಲ್ಲ, ಅವನ ವೀಡಿಯೊ ಯಾಕೆ ಗ್ರೂಪಿಗೆ ಹಾಕಲಿಲ್ಲ?'

ನನ್ನ ಹತ್ರ ಉತ್ತರ ಇರಲಿಲ್ಲ.

ದೊಡ್ಡಮ್ಮಂಗೆ ಶುಗರ್ ಇತ್ತು. ಸರ್ಕಾರಿ ಆಸ್ಪತ್ರೆ ಮಾತ್ರೆ ನಡೀತಿತ್ತು. ಕಾಲಿನ ಜೋಮು ಹೋಗಲ್ಲ ಅಂತ ಯಾರೋ ಹೇಳಿದ್ರು ಅಂತ ದಾರ ಮಂತ್ರಿಸಿ ಕೊಡೋ ಒಬ್ಬರ ಹತ್ರ ಕರ್ಕೊಂಡು ಹೋದ್ವಿ. ನಮ್ಮವರೇ, ನಮ್ಮ ದೇವರ ಹೆಸರಲ್ಲೇ ಮಾಡೋರು. ಅವರು ಕೈ ಹಿಡಿದು ನೋಡಿ, ಇದು ಸಕ್ಕರೆ ಅಲ್ಲ, ಗಾಳಿ ಸೋಕಿದೆ, ದಾರ ಇರೋವರೆಗೂ ಮಾತ್ರೆ ಮುಟ್ಟಬೇಡ ಅಂದ್ರು. ದೊಡ್ಡಮ್ಮ ಮುಟ್ಟಲಿಲ್ಲ. ಒಂದು ವಾರ ಲವಲವಿಕೆಯಿಂದಾನೇ ಇದ್ಲು. ಶುಗರ್ ಹಂಗೇ. ಏರುವಾಗ ಸದ್ದು ಮಾಡಲ್ಲ, ಅದಕ್ಕೇ ವಾಸಿ ಆಯ್ತು ಅಂತ ಮೋಸ ಹೋಗೋದು ಸುಲಭ. ಹೊಲದಲ್ಲಿ ಶೇಂಗಾ ಕೀಳುವಾಗ ಕಾಲಿಗೆ ಮುಳ್ಳು ಚುಚ್ಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗೋ ಹೊತ್ತಿಗೆ ಕಾಲು ಕಪ್ಪಾಗಿತ್ತು. ಬಳ್ಳಾರಿಯಲ್ಲಿ ಎರಡು ಬೆರಳು ತೆಗೆದ್ರು.

ನಾವೇನು ಮಾಡಿದ್ವಿ? ಸುಮ್ಮನಾದ್ವಿ. 'ದೇವರ ಕೆಲಸ ಮಾಡೋರು, ಅವರ ಬಗ್ಗೆ ಮಾತಾಡಬಾರದು' ಅಂತ ದೊಡ್ಡಪ್ಪ ಬಾಯಿ ಮುಚ್ಚಿಸಿದ್ರು. ನಾನೂ ಮುಚ್ಚಿಕೊಂಡೆ. ದೊಡ್ಡಮ್ಮನ ಕಾಲು ನೋಡಿದವನು ನಾನು, ಬೆನ್ನಿ ಹಿನ್ ವೀಡಿಯೊ ನೋಡಿ ನಕ್ಕವನೂ ನಾನೇ. ಅಲ್ಲಿ ಬಿದ್ದೋರು ಬೇರೆಯವರು, ನಗೋದು ಸಲೀಸಾಗಿತ್ತು.

ಭಾಗ 5/8

ನಮ್ಮ ಜಿಲ್ಲೆಯಲ್ಲೇ ಆದ ಇನ್ನೊಂದು ಸಂಗತಿ ನೆನಪು ಮಾಡ್ಕೊಳ್ಳಿ. 2021ರ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಆಗಿನ ಶಾಸಕ ಗೂಳಿಹಟ್ಟಿ ಶೇಖರ್ ವಿಧಾನಸಭೆಯಲ್ಲಿ ಎದ್ದು ನಿಂತು, ನನ್ನ ತಾಯಿಯನ್ನೇ ಮತಾಂತರ ಮಾಡಿದಾರೆ ಅಂದ್ರು. ಒಬ್ಬ ಮಗನ ಸಂಕಟ ಅದು. ಅದನ್ನ ನಾನು ಹಗುರ ಮಾಡಲ್ಲ. ಅಲ್ಲಿಂದ ಇಡೀ ರಾಜ್ಯದಲ್ಲಿ ಚರ್ಚೆ ಹತ್ತಿಕೊಂಡಿತು. ಅದೇ ಡಿಸೆಂಬರಿನಲ್ಲಿ ಹೊಸದುರ್ಗದ ತಹಶೀಲ್ದಾರರು ಬಲವಂತದ ಮತಾಂತರ ಕಂಡುಬಂದಿಲ್ಲ ಅಂತ ವರದಿ ಕೊಟ್ರು, ಬೆನ್ನಲ್ಲೇ ಅವರ ವರ್ಗಾವಣೆ ಆಯ್ತು. ಅದೇ ತಿಂಗಳು ಬೆಳಗಾವಿ ಅಧಿವೇಶನದಲ್ಲಿ ಮತಾಂತರ ತಡೆ ಮಸೂದೆ ವಿಧಾನಸಭೆಯಲ್ಲಿ ಪಾಸಾಯ್ತು. 2022ರ ಸೆಪ್ಟೆಂಬರಿನಲ್ಲಿ ಪರಿಷತ್ತಿನಲ್ಲೂ ಪಾಸಾಯ್ತು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನ ಹಿಂಪಡೆಯೋಕೆ ತೀರ್ಮಾನಿಸಿತು.

ಪರ ವಿರೋಧ ಎರಡೂ ಕಡೆ ಬೇಕಾದಷ್ಟು ವಾದ ಐತೆ. ಮೋಸ ಮಾಡಿ, ಹೆದರಿಸಿ ಯಾರ ಧರ್ಮಾನೂ ಬದಲಿಸಬಾರದು, ಒಪ್ಪಿದೆ. ತನ್ನ ಮನಸ್ಸಿಗೆ ಬಂದ ದೇವರನ್ನ ಪೂಜಿಸೋ ಹಕ್ಕು ಒಬ್ಬ ಮುದುಕಿಗೂ ಐತೆ, ಅದೂ ಒಪ್ಪಿದೆ. ಆದ್ರೆ ಇಷ್ಟೆಲ್ಲಾ ಚರ್ಚೇಲಿ 'ಕಾಯಿಲೆ' ಅನ್ನೋ ಪದ ಎಲ್ಲಿ ಹೋಯ್ತು? ನಮ್ಮ ಕಡೆ ಎಷ್ಟೋ ಜನ ಹೊಸ ದೇವರ ಬಾಗಿಲಿಗೆ ಹೋಗೋದು ಹಳೇ ಕಾಯಿಲೆ ಹೊತ್ತುಕೊಂಡೇ. ಅವರು ಹಣೆಗೆ ಕುಂಕುಮ ಇಟ್ರಾ ಅಂತ ಎಣಿಸೋಕೆ ನಮಗೆ ಪುರುಸೊತ್ತು ಐತೆ. ಮಾತ್ರೆ ನುಂಗಿದ್ರಾ ಅಂತ ಕೇಳೋಕೆ ಯಾರಿಗೂ ಇಲ್ಲ.

ಸಂವಿಧಾನದ 25ನೇ ವಿಧಿ ತೆಗೆದು ನೋಡಿ. ಧರ್ಮ ಪಾಲಿಸೋ, ಪ್ರಚಾರ ಮಾಡೋ ಸ್ವಾತಂತ್ರ್ಯ ಕೊಡುವಾಗಲೇ ಅದು ಮೂರು ಮಿತಿ ಹಾಕುತ್ತೆ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ. ಮೊದಲನೇದರ ಬಗ್ಗೆ ದಿನಾ ಕೂಗಾಡ್ತೀವಿ. ಮೂರನೇದು ಅಲ್ಲಿ ಐತೆ ಅಂತಾನೇ ಮರೆತಿದೀವಿ.

ಭಾಗ 6/8

'ಹಂಗಾದ್ರೆ ನೀನು ಪಾಸ್ಟರ್‌ಗಳ ಪರ' ಅಂತ ಕಾಮೆಂಟ್ ಹಾಕೋಕೆ ಹೊರಟೋರು ಒಂದು ನಿಮಿಷ ತಡೀರಿ.

ಪಂಜಾಬಿನ ಬಜಿಂದರ್ ಸಿಂಗ್ ನಿಮಗೆಲ್ಲಾ ಗೊತ್ತು, ಹೆಸರು ಗೊತ್ತಿಲ್ದೇ ಇದ್ರೂ ಅವನ ಪವಾಡದ ರೀಲ್ ನೋಡಿ ನಕ್ಕಿರ್ತೀರಿ. ನಾವು ಮೀಮ್ ಮಾಡ್ತಿದ್ದ ಹೊತ್ತಲ್ಲಿ ಅವನ ಮೇಲೆ 2018ರ ಅತ್ಯಾಚಾರ ಕೇಸು ಕೋರ್ಟಲ್ಲಿತ್ತು. 2025ರ ಏಪ್ರಿಲ್ 1ರಂದು ಮೊಹಾಲಿ ಕೋರ್ಟು ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ವಾಸಿ ಮಾಡ್ತೀನಿ ಅನ್ನೋನ ಕೈಗೆ ಜನ ತಮ್ಮನ್ನೇ ಒಪ್ಪಿಸಿಕೊಂಡಿರ್ತಾರೆ. ಪ್ರಶ್ನೆ ಕೇಳೋ ಹಾಗಿಲ್ಲ ಅಂದ ಕಡೆ ಅದು ಎಲ್ಲಿಗೆ ಬೇಕಾದ್ರೂ ಹೋಗಿ ಮುಟ್ಟಬಹುದು. ಆಸಾರಾಂಗೆ 2018ರಲ್ಲಿ ಜೋಧಪುರದ ಕೋರ್ಟು ಕೊಟ್ಟಿದ್ದೂ ಜೀವಾವಧಿ ಶಿಕ್ಷೇನೇ. ದೇವರ ಹೆಸರು ಬೇರೆ ಬೇರೆ, ಭಕ್ತರು ಕಣ್ಣು ಮುಚ್ಚಿಕೊಂಡ ರೀತಿ ಒಂದೇ.

ಕಾನೂನೂ ಧರ್ಮ ನೋಡಿ ಬರೆದಿಲ್ಲ. 1954ರಲ್ಲೇ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಬಂದಿದೆ. ಅದರ ಪಟ್ಟಿಯಲ್ಲಿ 54 ರೋಗ, ಸ್ಥಿತಿಗಳಿವೆ. ಶುಗರ್, ಕ್ಯಾನ್ಸರ್, ಫಿಟ್ಸ್, ಪಾರ್ಶ್ವವಾಯು, ಕುರುಡು ಎಲ್ಲಾ ಅದರಲ್ಲಿದೆ. ಇವನ್ನ ಮಂತ್ರದಿಂದಲೋ ತಾಯತದಿಂದಲೋ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದೇ ಅಪರಾಧ. ಪತಂಜಲಿಯ ರಾಮದೇವ್ ಮತ್ತು ಬಾಲಕೃಷ್ಣ 2024ರಲ್ಲಿ ದಾರಿ ತಪ್ಪಿಸೋ ಜಾಹೀರಾತಿನ ವಿಷಯಕ್ಕೆ ಸುಪ್ರೀಂ ಕೋರ್ಟಿನ ಮುಂದೆ ಕ್ಷಮೆ ಕೇಳಿ, ಪೇಪರಲ್ಲೂ ಕ್ಷಮೆ ಪ್ರಕಟಿಸಬೇಕಾಯ್ತಲ್ಲ, ಅಲ್ಲೂ ಈ ಕಾಯ್ದೆಯ ಮಾತು ಬಂದಿತ್ತು.

ನಮ್ಮ ರಾಜ್ಯದ್ದೇ 2017ರ ಮೌಢ್ಯ ನಿಷೇಧ ಕಾಯ್ದೆ ಐತೆ, 2020ರಲ್ಲಿ ಜಾರಿಗೆ ಬಂತು. ಹಾವು, ಚೇಳು, ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕ್ತೀನಿ ಅನ್ನೋದು ಅದರ ಪ್ರಕಾರ ಅಪರಾಧ. ಪೂಜೆ, ಪ್ರಾರ್ಥನೆ, ಭಜನೆಗೆ ಅದು ಅಡ್ಡ ಬರಲ್ಲ. ಗೆರೆ ಎಲ್ಲಿ ಎಳೀಬೇಕು ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಮಾತು ಬೇಕಾ?

ನಮ್ಮ ಎಚ್. ನರಸಿಂಹಯ್ಯನೋರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ ಪವಾಡಗಳನ್ನ ಪರೀಕ್ಷೆ ಮಾಡೋಕೆ ಒಂದು ಸಮಿತಿ ಮಾಡಿದ್ರು. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು ಕರೆದ್ರು. ಉತ್ತರ ಬರಲಿಲ್ಲ. ಆಗಲೂ ಜನ ಅವರನ್ನ ಬೈದ್ರು. ಅವರು ಹಿಡಿದಿದ್ದು ಒಂದೇ ಅಳತೆ ಕೋಲು. ಅದನ್ನ ತಮ್ಮವರ ಮುಂದೇನೇ ಮೊದಲು ಹಿಡಿದ್ರು. ನಾವು ಕಲೀಬೇಕಾಗಿರೋದು ಅದನ್ನ.

ಭಾಗ 7/8

ಇಷ್ಟು ಹೇಳಿ ನಿಲ್ಲಿಸಿದ್ರೆ ಅರ್ಧ ಸತ್ಯ ಆಗುತ್ತೆ. ಜನ ಯಾಕೆ ಹೋಗ್ತಾರೆ ಅಂತಾನೂ ಕೇಳಬೇಕು.

ನಮ್ಮದು ಮಳೆ ನೆಚ್ಚಿಕೊಂಡ ಸೀಮೆ. ಶೇಂಗಾ ಕೈಕೊಟ್ಟ ವರ್ಷ ಅರ್ಧ ಊರು ಬೆಂಗಳೂರಿಗೆ ಕೂಲಿಗೆ ಹೋಗುತ್ತೆ. ಮನೇಲಿ ಉಳಿಯೋದು ವಯಸ್ಸಾದೋರು, ಅವರ ಕಾಯಿಲೆಗಳು. ಅವರು ದೊಡ್ಡಾಸ್ಪತ್ರೆಗೆ ಹೋಗಬೇಕಂದ್ರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೊಬ್ಬರು ಬೇಕು. ಮೂರು ತಾಸು ಸಾಲಲ್ಲಿ ನಿಂತ ಮೇಲೆ ಡಾಕ್ಟರು ಮುಖ ನೋಡೋದು ಎರಡು ನಿಮಿಷ. ಅವರದೂ ತಪ್ಪಲ್ಲ, ಹಿಂದೆ ನೂರು ಜನ ನಿಂತಿರ್ತಾರೆ.

ಪ್ರಾರ್ಥನೆ ಮಾಡೋನು ಮನೆಗೇ ಬರ್ತಾನೆ. ಹೆಸರು ಹಿಡಿದು ಮಾತಾಡಿಸ್ತಾನೆ. ತಲೆ ಮೇಲೆ ಕೈ ಇಡ್ತಾನೆ. ನಮ್ಮ ಕೇರಿಗಳಲ್ಲಿ ಇನ್ನೂ ಎಷ್ಟೋ ಜನರನ್ನ ಮುಟ್ಟೋಕೆ ಹಿಂದೆ ಮುಂದೆ ನೋಡೋರಿದ್ದಾರೆ ಅನ್ನೋದು ನಿಮಗೂ ಗೊತ್ತು. ಅಂಥೋರ ತಲೆ ಮೇಲೆ ಒಂದು ಕೈ ಬಂದು ಕೂತ್ರೆ ಅದರ ಬೆಲೆ ಏನು ಅಂತ ನಾವು ಲೆಕ್ಕ ಹಾಕೋಕೆ ಆಗಲ್ಲ. ದಾರ ಕಟ್ಟೋರೂ ದೊಡ್ಡಮ್ಮನ ಮಾತನ್ನ ಅರ್ಧ ತಾಸು ಕೇಳಿದ್ರು. ನಾವು ಮನೆಯವರು ಯಾರೂ ಅಷ್ಟು ಹೊತ್ತು ಕೇಳಿರಲಿಲ್ಲ. ಅಲ್ಲಿ ಹೋದೋರನ್ನ ದಡ್ಡರು ಅಂದ್ಬಿಟ್ರೆ ನಮ್ಮ ಕೆಲಸ ಮುಗೀತು ಅಂದ್ಕೋತೀವಿ. ಅವರು ದಡ್ಡರಲ್ಲ, ಅವರನ್ನ ಕೇಳೋರಿಲ್ಲ.

ಕ್ರೈಸ್ತ ನಂಬಿಕೆ ಅಂದ್ರೆ ಬೆನ್ನಿ ಹಿನ್ ಅಷ್ಟೇ ಅಂತಾನೂ ತಿಳೀಬೇಡಿ. ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಶುರುವಾಗಿದ್ದು 1900ರಲ್ಲಿ, ಐಡಾ ಸ್ಕಡ್ಡರ್ ಅನ್ನೋ ಮಿಷನರಿ ಡಾಕ್ಟರಮ್ಮನಿಂದ. ಮೈಸೂರಿನ ಮಿಷನ್ ಆಸ್ಪತ್ರೆ 1906ರದ್ದು. ಅಲ್ಲೂ ಪ್ರಾರ್ಥನೆ ಐತೆ. ಜೊತೆಗೆ ಥರ್ಮಾಮೀಟರೂ ಐತೆ, ಆಪರೇಷನ್ ಥಿಯೇಟರೂ ಐತೆ. ಅದೇ ದೇವರ ಹೆಸರಲ್ಲಿ ಒಬ್ಬರು ಆಸ್ಪತ್ರೆ ಕಟ್ಟಿದ್ರು, ಇನ್ನೊಬ್ಬರು ವೇದಿಕೆ ಕಟ್ಟಿದ್ರು. ಎರಡನ್ನೂ ಒಂದೇ ಗಂಟಲ್ಲಿ ಬೈಯೋದು ಅನ್ಯಾಯ.

ಭಾಗ 8/8

ಕೊನೇ ಫೋಟೊ ನಮ್ಮ ತಾಲ್ಲೂಕಿನದೇ, ಬ್ರಹ್ಮಗಿರಿಯ ಅಶೋಕನ ಶಾಸನದ ಬಂಡೆ. 1892ರಲ್ಲಿ ಬಿ.ಎಲ್. ರೈಸ್ ಇದನ್ನ ಬೆಳಕಿಗೆ ತಂದ್ರು. ಸ್ಕೂಲ್ ಟ್ರಿಪ್ಪಲ್ಲಿ ಹೋಗಿ ಸೆಲ್ಫಿ ತಗೊಂಡು ಬಂದಿದೀವಿ, ಏನು ಬರೆದೈತೆ ಅಂತ ಕೇಳಿರಲಿಲ್ಲ. ಅದರಲ್ಲಿರೋದು ತುಂಬಾ ಸರಳ: ತಂದೆ ತಾಯಿ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮೂರ ಬಂಡೆ ಮೇಲೆ ಕೆತ್ತಿಸಿದ ಮಾತು. ಅದೇ ರಾಜ ಬೇರೆ ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆ ಸಿಗೋ ಹಾಗೆ, ಔಷಧಿ ಗಿಡ ನೆಡಿಸೋ ಹಾಗೆ ಮಾಡಿದ್ದನ್ನ ಹೇಳ್ಕೊಂಡಿದಾನೆ. ದಯೆ, ನಿಜ, ಔಷಧಿ. ಮೂರೂ ಒಟ್ಟಿಗೆ ಇರಬಹುದು.

ಅದಕ್ಕೇ ನಿಮ್ಮ ಹತ್ರ ಕೇಳ್ಕೊಳ್ಳೋದು ಇಷ್ಟೇ. ಮುಂದಿನ ಸಲ ಯಾರಾದ್ರೂ ರೋಗ ವಾಸಿ ಮಾಡ್ತೀನಿ ಅಂದಾಗ, ಅವರ ಕೈಲಿ ಬೈಬಲ್ ಇರಲಿ, ವಿಭೂತಿ ಇರಲಿ, ನವಿಲುಗರಿ ಇರಲಿ, ಮೂರು ಪ್ರಶ್ನೆ ಕೇಳಿ.

ಮಾತ್ರೆ ನಿಲ್ಲಿಸು ಅಂದ್ರಾ?

ದುಡ್ಡು ಎಷ್ಟು ಕೇಳಿದ್ರು?

ವಾಸಿ ಆಯ್ತು ಅಂದವರ ಆರು ತಿಂಗಳ ನಂತರದ ರಿಪೋರ್ಟು ಎಲ್ಲಿ?

ಮೊದಲನೇ ಪ್ರಶ್ನೆಗೆ 'ಹೌದು' ಅಂತ ಬಂದ್ರೆ ಮಿಕ್ಕ ಎರಡು ಕೇಳೋ ಅಗತ್ಯಾನೇ ಇಲ್ಲ. ಅಲ್ಲಿಂದ ನಿಮ್ಮವರನ್ನ ಎಬ್ಬಿಸ್ಕೊಂಡು ಬನ್ನಿ. ಫಿಟ್ಸ್ ಮಾತ್ರೆ ದಿಢೀರ್ ಅಂತ ನಿಲ್ಲಿಸಿದ್ರೆ ಜೀವಕ್ಕೇ ಕುತ್ತು. ಟಿಬಿ ಮಾತ್ರೆ ಎರಡು ತಿಂಗಳಿಗೆ ಹುಷಾರಾಯ್ತು ಅಂತ ಬಿಟ್ರೆ ಅದು ಮದ್ದಿಗೆ ಬಗ್ಗದ ಟಿಬಿ ಆಗಿ ವಾಪಸ್ ಬರಬಹುದು, ಮನೆಯವರಿಗೂ ಹರಡುತ್ತೆ. ಇನ್ಸುಲಿನ್ ಮೇಲೇ ಬದುಕಿರೋ ಮಗುವಿಗೆ ಅದು ತಪ್ಪಿದ್ರೆ ಕೆಲವೇ ದಿನದಲ್ಲಿ ಪ್ರಾಣ ಹೋಗಬಹುದು. 'ಇಲ್ಲ, ಮಾತ್ರೆ ತಗೋ, ಜೊತೆಗೆ ಪ್ರಾರ್ಥನೆ ಮಾಡೋಣ' ಅಂತ ಬಂದ್ರೆ ಅವರ ಪಾಡಿಗೆ ಅವರನ್ನ ಬಿಡಿ. ಅದು ಅವರ ದೇವರಿಗೂ ಅವರಿಗೂ ಬಿಟ್ಟ ವಿಷಯ.

ಮನೇಲಿ ಮಾತ್ರೆ ತಗೊಳ್ಳೋರು ಯಾರಿದಾರೋ, ಇವತ್ತು ರಾತ್ರಿ ಅವರ ಪಕ್ಕ ಕೂತು ಡಬ್ಬಿ ನೋಡಿ. ಎಷ್ಟು ಉಳಿದಿದೆ ಅಂತ ಎಣಿಸಿ. ರೀಲ್ ನೋಡೋ ಅರ್ಧ ತಾಸಲ್ಲಿ ಹತ್ತು ನಿಮಿಷ ಅವರ ನೋವು ಕೇಳಿ. ಆ ಹತ್ತು ನಿಮಿಷ ನಾವು ಕೊಡದೇ ಇರೋದಕ್ಕೇ ಬೇರೆಯವರು ಕೊಡೋಕೆ ಬರೋದು.

ದೊಡ್ಡಮ್ಮ ಈಗ ದಿನಾ ಮಾತ್ರೆ ತಗೋತಾಳೆ. ದಾರಾನೂ ಕೈಲೇ ಐತೆ, ಬಿಚ್ಚಿಸೋಕೆ ನಾನು ಹೋಗಿಲ್ಲ.

ಗೆಳತಿಗೆ ಗ್ರೂಪಿನ ಲಿಂಕ್ ಕಳಿಸಿದೀನಿ. ನೋಡಿದಾಳೆ, ಇನ್ನೂ ಸೇರಿಲ್ಲ. ಅವತ್ತು ಏನೇನು ಬರೆದಿದ್ದೀರೋ ಅದನ್ನ ನೀವೇ ಡಿಲೀಟ್ ಮಾಡಿ ಅವಳಿಗೊಂದು ಮೆಸೇಜ್ ಹಾಕಿ. ನನ್ನ ಎಮೋಜಿ ನಾನು ತೆಗೆದಿದೀನಿ.

#ಬಿಜಿಕೆರೆ #ಮೊಳಕಾಲ್ಮೂರು #ಚಳ್ಳಕೆರೆ #ಮಾತ್ರೆಬಿಡಬೇಡಿ